ಗದರುವವನ ಕಿವಿ

ಬೈಯುವುದು ಬೇರೆ, ಗದರುವುದು ಬೇರೆ. ಹೊರಗಿನವರಿಗೆ ಇದನ್ನು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಹಿಂದೊಮ್ಮೆ, ಪದಗಳನ್ನು ಬರೆದುಕೊಳ್ಳುತ್ತ ಊರೂರು ತಿರುಗುವ ಮೇಷ್ಟ್ರೊಬ್ಬರು ನಮ್ಮ ಮನೆಗೂ ಬಂದಿದ್ದರು. ಜಗಲಿಯ ಮೇಲೆ ಕೂತು, ಕನ್ನಡಕಕ್ಕೆ ಹಿಡಿದ ಸುಣ್ಣದ ಧೂಳು ಒರೆಸಿಕೊಂಡು, "ಗದರು ಅನ್ನೋ ಮಾತಿಗೆ ನಿಮ್ಮ ಕಡೆ ಏನರ್ಥ, ಓಬಳಯ್ಯನೋರೆ?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ತಾವೇ ಚೀಟಿಯಲ್ಲಿ ಬರೆದು ಓದಿಯೂ ಬಿಟ್ಟರು: ಸಿಟ್ಟಿನಿಂದ ಗಟ್ಟಿಯಾಗಿ ಬೈ. ಹಾಗಲ್ಲ ಸ್ವಾಮಿ ಎಂದೆ. ಸಿಟ್ಟಿನಿಂದ ಗಟ್ಟಿಯಾಗಿ ಬೈಯುವುದು ನಮ್ಮೂರ ಸುಣ್ಣದ ಗೂಡುಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆದೇ ಇರುತ್ತದೆ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಗದರಿದರೆ ಕಿವಿ ಮುಚ್ಚುತ್ತದೆ. ಮೇಷ್ಟ್ರು ನನ್ನನ್ನು ಒಂದು ಥರ ನೋಡಿ, ಚೀಟಿಯನ್ನು ಜೇಬಿಗೆ ಹಾಕಿಕೊಂಡು, ಕೊಟ್ಟ ಮಜ್ಜಿಗೆ ಕುಡಿದು ಹೋದರು. ಓದಿದವರಿಗೆ ಹೇಳುವುದು ಕಷ್ಟ.

ನಮ್ಮೂರಿನಲ್ಲಿ ಒಬ್ಬರು ಇನ್ನೊಬ್ಬರನ್ನು ಗದರಿದರೆ, ಗದರಿದವರ ಕಿವಿಗೆ ಗದರಿಸಿಕೊಂಡವರ ದನಿ ಅಂದಿನಿಂದ ಒಂದು ವರ್ಷ ಕೇಳಿಸುವುದಿಲ್ಲ. ಬೇರೆಯವರ ಮಾತು ಕೇಳಿಸುತ್ತದೆ, ನಾಯಿ ಬೊಗಳಿದ್ದು ಕೇಳಿಸುತ್ತದೆ, ಆ ಮನುಷ್ಯನೇ ನಡೆದು ಬಂದ ಚಪ್ಪಲಿಯ ಸದ್ದೂ ಕೇಳಿಸುತ್ತದೆ. ಅವನ ಗಂಟಲಿನಿಂದ ಹೊರಟದ್ದು ಮಾತ್ರ ಇಲ್ಲ. ಮಾತು, ನಗು, ಕೆಮ್ಮು, ಗೊರಕೆ, ಏನೂ ಇಲ್ಲ. ಗಂಡನ ಗೊರಕೆಯಿಂದ ರೋಸಿಹೋದ ಕೆಲವು ಹೆಂಗಸರು ಬೇಕೆಂದೇ ಗದರಿ ನೋಡಿದ್ದುಂಟು. ಆಗಲಿಲ್ಲ. ಎಷ್ಟು ಕಿರುಚಿದರೂ ಅದು ಬೈಗುಳವೇ ಆಯಿತು, ಗೊರಕೆ ಮೊದಲಿನ ಹಾಗೆಯೇ ಕೇಳಿಸಿತು. ಏಕೆಂದರೆ ಬೈಯುವವನಿಗೆ ತನ್ನ ನೋವು ದೊಡ್ಡದು. ನನ್ನ ನಿದ್ದೆ ಹೋಯಿತು, ನನ್ನ ಮಾನ ಹೋಯಿತು, ನನ್ನ ಕೆಲಸ ಕೆಟ್ಟಿತು, ಇದೇ ಅವನ ರಾಗ. ಗದರುವವನಿಗೆ ಎದುರಿಗೆ ನಿಂತಿರುವವನು ದೊಡ್ಡವನು. ಇವನು ಹಾಳಾಗಿ ಹೋಗುತ್ತಿದ್ದಾನೆ, ನಾನು ಬಿಡುವುದಿಲ್ಲ ಎಂಬ ಸಿಟ್ಟು ಅದು. ಯಾವುದು ಯಾವುದೆಂದು ಗದರಿದವನಿಗೂ ಎಷ್ಟೋ ಸಲ ಮುಂಚೆ ಗೊತ್ತಾಗುವುದಿಲ್ಲ. ಕಿವಿ ಮುಚ್ಚಿದ ಮೇಲೆ ಗೊತ್ತಾಗುತ್ತದೆ.

ಹೀಗಿರುವಾಗ ಹೆತ್ತವರು ಮಕ್ಕಳನ್ನು, ಹೆಂಡತಿ ಗಂಡನನ್ನು ಗದರಿಕೊಂಡು ಕೂತರೆ ಸಂಸಾರ ನಡೆಯುವುದು ಹೇಗೆ? ಅದಕ್ಕೇ ಊರಿಗೆಲ್ಲ ಒಬ್ಬ ಗದರುವವನು. ನಮ್ಮಪ್ಪ ಇದ್ದ, ಅವನಾದ ಮೇಲೆ ನಾನು. ಯಾರನ್ನು ಗದರಬೇಕೋ ಅವರ ಒಂದು ವಸ್ತು ತಂದು, ಚಪ್ಪಲಿಯೋ ಟವೆಲ್ಲೋ ಏನೋ ಒಂದು, ನನ್ನ ಮುಂದೆ ಜಗಲಿಯ ಮೇಲೆ ಇಡಬೇಕು. ನಾನು ಮೂರು ಪ್ರಶ್ನೆ ಕೇಳುತ್ತೇನೆ. ಏನು ಮಾಡಿದರು? ಎಷ್ಟು ದಿನದಿಂದ? ಗದರದಿದ್ದರೆ ಏನಾಗುತ್ತದೆ? ಉತ್ತರ ಕೇಳುತ್ತ ಕೇಳುತ್ತ ನನಗೆ ನಿಜವಾಗಿ ಸಿಟ್ಟು ಬರಬೇಕು. ಬಾರದಿದ್ದರೆ ಚಪ್ಪಲಿ ವಾಪಸ್ಸು, ಮನೆಗೆ ಹೋಗಿ ನೀವೇ ಬೈದುಕೊಳ್ಳಿ ಎನ್ನುತ್ತೇನೆ. ಬಂದರೆ ಎದ್ದು ಹೋಗಿ ಗದರಿ ಬರುತ್ತೇನೆ. ಕುಡಿದು ಸುಣ್ಣದ ಗೂಡಿನ ಬಾಯಲ್ಲಿ ಮಲಗುವವನು, ಪರೀಕ್ಷೆಗೆ ಹೋಗದೆ ಅಡಗಿ ಕೂತ ಹುಡುಗಿ, ಅತ್ತೆಗೆ ಅನ್ನ ಹಾಕದ ಸೊಸೆ, ಎಲ್ಲರನ್ನೂ ಗದರಿದ್ದೇನೆ. ಮುಕ್ಕಾಲುಪಾಲು ಜನ ದಾರಿಗೆ ಬಂದಿದ್ದಾರೆ. ಆದರೆ ಯಾವ ಹೊತ್ತಿನಲ್ಲಿ ನೋಡಿದರೂ ಊರಿನ ಮೂರರಲ್ಲಿ ಒಂದು ಪಾಲು ಜನ ನನ್ನ ಪಾಲಿಗೆ ಮೂಕರು. ನನಗೆ ಓದು ಬಾರದು, ಬರೆದು ತೋರಿಸಿದರೂ ಪ್ರಯೋಜನವಿಲ್ಲ.

ಇದನ್ನೆಲ್ಲ ಸಂಭಾಳಿಸಿದವಳು ನನ್ನ ಹೆಂಡತಿ ಕೆಂಚಮ್ಮ. ನಾನು ಎಲ್ಲಿ ಕೂತರೂ ಪಕ್ಕದಲ್ಲಿ ಅವಳು. ಎಲೆ ಅಡಿಕೆ ಸಂಚಿಯನ್ನು ಮಡಿಲಲ್ಲಿ ಇಟ್ಟುಕೊಂಡು, ನನಗೆ ಕೇಳಿಸದವರು ಆಡಿದ್ದನ್ನೆಲ್ಲ ಕೇಳಿ ನನಗೆ ತಿರುಗಿ ಹೇಳುವಳು. ಇದ್ದದ್ದು ಇದ್ದ ಹಾಗೆ ಹೇಳುವ ಜಾತಿಯವಳಲ್ಲ. ಗದರಿಸಿಕೊಂಡ ಸಿಟ್ಟಿಗೆ ಯಾರಾದರೂ ಬೀದಿಯಲ್ಲಿ ನನ್ನ ವಂಶವನ್ನೇ ಜಾಲಾಡಿದರೆ, "ಊಟ ಆಯ್ತಾ ಅಂತ ಕೇಳ್ತಾನೆ ನೋಡಯ್ಯ" ಎನ್ನುವಳು. ಊಟದ ವಿಚಾರಕ್ಕೆ ಆ ಪಾಟಿ ಕೈ ಬೀಸುತ್ತಾರೆಯೇ ಎಂದು ನಾನು ಕೇಳುವುದು, "ಪ್ರೀತಿ ಜಾಸ್ತಿ ಇರೋರು ಬೀಸ್ತಾರೆ" ಎಂದು ಅವಳು ಹೇಳುವುದು. ಸಾವಿನ ಮನೆಯಲ್ಲಿ ಯಾರು ಹೇಗೆ ಅತ್ತರು, ಮದುವೆ ಮನೆಯಲ್ಲಿ ಯಾರು ಏನು ಕೊಂಕು ತೆಗೆದರು, ಎಲ್ಲ ಅವಳ ಬಾಯಿಂದಲೇ ನನಗೆ ಬರಬೇಕು. ಒಂದಕ್ಕೆ ಎರಡು ಸೇರಿಸಿ, ಉಪ್ಪು ಖಾರ ಹಾಕಿ ಹೇಳುವಳು. ನಿಜ ಹೇಳಬೇಕೆಂದರೆ, ಊರಿನವರು ಆಡಿದ್ದಕ್ಕಿಂತ ಅವಳು ಹೇಳಿದ ಊರೇ ಚೆನ್ನಾಗಿತ್ತು.

ಗದರುವವನಿಗೆ ಹೆಣ್ಣು ಕೊಡಲು ಯಾರೂ ಮುಂದೆ ಬರುವುದಿಲ್ಲ. ಕೆಂಚಮ್ಮ ತಾನಾಗಿ ಒಪ್ಪಿದ್ದಳು. ಮದುವೆಯ ದಿನ ಅವಳು ನನ್ನನ್ನು ಕೇಳಿದ್ದು ಒಂದೇ. "ನನ್ನ ಮಾತ್ರ ಗದರಬೇಡ. ನನಗೆ ಮಾತಾಡದೆ ಇರೋಕಾಗಲ್ಲ, ನಿನಗೆ ಕೇಳಿಸದಿದ್ರೆ ನಾನು ಸತ್ತಂಗೆ." ಆಗಲಿ ಎಂದೆ. ಮೂವತ್ತೊಂದು ವರ್ಷ ಆ ಮಾತು ಉಳಿಸಿಕೊಂಡೆ. ಮಗಳು ನೀಲಾ ಹುಟ್ಟಿದ ಮೇಲೆ ಅವಳನ್ನೂ ಆ ಲೆಕ್ಕಕ್ಕೆ ಸೇರಿಸಿದೆ. ಊರನ್ನೆಲ್ಲ ನಡುಗಿಸುವವನು ಮನೆಯಲ್ಲಿ ಬೆಣ್ಣೆಯಂತಿರುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರಂತೆ. ಅದನ್ನೂ ಹೇಳಿದವಳು ಅವಳೇ.

ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಕೆಂಚಮ್ಮನಿಗೆ ಉಸಿರು ಕಟ್ಟತೊಡಗಿತು. ಒಂದು ಕೊಡ ನೀರು ತಂದರೆ ಹೊಸ್ತಿಲ ಮೇಲೆ ಕೂತುಬಿಡುವಳು. ಪಾದ ಊದಿಕೊಂಡು ಕಾಲುಂಗುರ ಬಿಗಿಯಾಯಿತು. ನಾನೇ ಬಲವಂತ ಮಾಡಿ ನಮ್ಮೂರ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗ್ರಹಚಾರಕ್ಕೆ, ಅಲ್ಲಿನ ಡಾಕ್ಟರನ್ನು ನಾನು ಮೂರು ತಿಂಗಳ ಹಿಂದಷ್ಟೇ ಗದರಿದ್ದೆ. ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸನ್ನು ಬೆಂಚಿನ ಮೇಲೆ ಕೂರಿಸಿ, ಕೆರೆಗೆ ಹೋಗಿ ಮೋಟಾರ್ ಸೈಕಲ್ ತೊಳೆಯುತ್ತಿದ್ದ ಮನುಷ್ಯ ಅವನು. ಚಿಕ್ಕ ವಯಸ್ಸು, ಕೆಟ್ಟವನಲ್ಲ. ಗದರಿದ ಮೇಲೆ ಎಷ್ಟು ತಿದ್ದಿಕೊಂಡನೆಂದರೆ ಊಟದ ಹೊತ್ತಿನಲ್ಲೂ ಬಾಗಿಲು ಹಾಕುತ್ತಿರಲಿಲ್ಲ.

ಅವನು ಕೆಂಚಮ್ಮನ ಎದೆಗೆ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ನೋಡಿದ. ಒಂದು ಕಾಗದದ ಮೇಲೆ ಏನೋ ಚಿತ್ರ ಬರೆದ. ಆಮೇಲೆ ನನ್ನ ಕಡೆಗೂ ಅವಳ ಕಡೆಗೂ ನೋಡುತ್ತ ಮಾತಾಡತೊಡಗಿದ. ಅವನ ತುಟಿ ಅಲ್ಲಾಡುತ್ತಲೇ ಇತ್ತು, ನನಗೆ ಗೋಡೆಯ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇಲ್ಲ. ಮುಗಿದ ಮೇಲೆ ಎಂದಿನಂತೆ ಹೆಂಡತಿಯ ಮುಖ ನೋಡಿದೆ. "ಏನಿಲ್ವಂತೆ. ರಕ್ತ ಕಮ್ಮಿ, ಸುಸ್ತು ಅಷ್ಟೇ. ಬೆಲ್ಲ, ಸೊಪ್ಪು ತಿನ್ನಿ ಅಂತಾರೆ" ಎಂದಳು. "ಅಷ್ಟುದ್ದ ಹೇಳಿದ್ದಕ್ಕೆ ಇಷ್ಟೇನಾ?" ಎಂದೆ. "ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ರು, ಅದಕ್ಕೇ ಉದ್ದ ಆಯ್ತು" ಎಂದಳು. ನಾನು ನಕ್ಕುಬಿಟ್ಟೆ. ಡಾಕ್ಟರು ನಾನು ನಕ್ಕದ್ದನ್ನು ನೋಡಿ ಕಣ್ಣು ಕಣ್ಣು ಬಿಟ್ಟ. ಬರುವ ದಾರಿಯಲ್ಲಿ ಅಂಗಡಿಯಿಂದ ಬೆಲ್ಲದ ಅಚ್ಚು ತಂದೆ.

ಅದಾಗಿ ಇಪ್ಪತ್ತು ದಿನಕ್ಕೆ ನೀಲಾ ಬಂದಳು. ಬಸ್ಸಿನಲ್ಲಿ ಒಂದು ಗಂಟೆ ದೂರದ ಊರಿಗೆ ಕೊಟ್ಟ ಮಗಳು, ಬಂದರೆ ಮೊದಲು ಅಡುಗೆಮನೆಗೆ ಹೋಗುವವಳು. ಅಂದು ನನ್ನನ್ನು ಮಾತಾಡಿಸದೆ ಒಳಗೆ ಹೋಗಿ, ಹಾಗೇ ಹೊರಗೆ ಬಂದು, ಜಗಲಿಯ ಮೇಲೆ ದೂರು ತಂದವರು ಕೂರುವ ಎಡಗಡೆಯ ಕಲ್ಲಿನ ಮೇಲೆ ಕೂತಳು. ಬೆಳಗ್ಗೆ ಹತ್ತು ಗಂಟೆಯಿದ್ದೀತು. ನನ್ನ ಮುಂದೆ ಒಂದು ವಸ್ತು ಇಟ್ಟಳು. ಅಂಚು ಸವೆದ, ಕೆಂಪು ದಾರದ, ಸುಣ್ಣದ ಡಬ್ಬಿಯ ಗುಂಡು ಗುರುತು ಬಟ್ಟೆಯ ಮೇಲೆ ಎದ್ದುಬಂದ ಸಂಚಿ. ಕೆಂಚಮ್ಮನ ಸಂಚಿ.

"ಇದೇನು ತಮಾಷೆ?" ಎಂದೆ. "ತಮಾಷೆ ಅಲ್ಲಪ್ಪ. ಗದರಬೇಕು" ಎಂದಳು. ಅವಳ ಮುಖ ಬಿಳಿಚಿಕೊಂಡಿತ್ತು. ಮಗಳಾದರೇನು, ಸಂಚಿ ಇಟ್ಟ ಮೇಲೆ ಕೇಳದೆ ಇರುವ ಹಾಗಿಲ್ಲ. ಏನು ಮಾಡಿದರು ಎಂದು ಕೇಳಿದೆ. ನೀಲಾ ಹೇಳಿದಳು. ಡಾಕ್ಟರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, ನಿಮ್ಮ ತಾಯಿ ಇನ್ನೂ ದೊಡ್ಡಾಸ್ಪತ್ರೆಗೆ ಹೋಗಿಲ್ಲವಾ, ನಿಮ್ಮ ತಂದೆ ಯಾಕೆ ನಕ್ಕರು ಎಂದು ಕೇಳಿದನಂತೆ. "ಎದೆಯೊಳಗೆ ಬಾಗಿಲಿನ ಥರ ಒಂದು ಇರುತ್ತಂತಪ್ಪ. ಅವ್ವಂದು ಸರಿಯಾಗಿ ಮುಚ್ಕೊಳ್ತಾ ಇಲ್ವಂತೆ. ದೊಡ್ಡಾಸ್ಪತ್ರೇಲಿ ಕೊಯ್ದು ಸರಿ ಮಾಡ್ತಾರಂತೆ. ನಿನ್ನ ಎದುರಿಗೇ ಎಲ್ಲ ಬಿಡಿಸಿ ಹೇಳಿದ್ರಂತೆ." ಎಷ್ಟು ದಿನದಿಂದ ಎಂದು ಕೇಳಿದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. "ಇಪ್ಪತ್ತು ದಿನದಿಂದ ಮುಚ್ಚಿಟ್ಟಿದ್ದಾಳೆ." ಗದರದಿದ್ದರೆ ಏನಾಗುತ್ತದೆ? ನೀಲಾ ಸಂಚಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಸಾಯ್ತಾಳೆ. ಬೇಸಿಗೆ ದಾಟಲ್ಲ ಅಂದ್ರು" ಎಂದಳು. "ನಾನು ಬರ್ತಾ ಬರ್ತಾ ಎಷ್ಟೋ ಹೇಳೋಣ ಅಂದ್ಕೊಂಡೆ. ಅವಳ ಮುಖ ನೋಡಿದ್ರೆ ಅಳು ಬರುತ್ತೆ, ಸಿಟ್ಟು ಬರಲ್ಲ. ನೀನೇ ಗದರಬೇಕಪ್ಪ."

ಅಷ್ಟರಲ್ಲಿ ಕೆಂಚಮ್ಮ ಹಿತ್ತಲಿನಿಂದ ಬಂದಳು. ಬಾಗಿಲ ಚೌಕಟ್ಟು ಹಿಡಿದು ಉಸಿರು ತೆಗೆದುಕೊಂಡು, "ಯಾರೇ ನನ್ನ ಸಂಚಿ ಎತ್ಕೊಂಡು ಬಂದೋರು?" ಎಂದವಳು ನನ್ನ ಮುಂದಿದ್ದ ಸಂಚಿಯನ್ನೂ ಕಲ್ಲಿನ ಮೇಲೆ ಕೂತ ಮಗಳನ್ನೂ ನೋಡಿ ಅಲ್ಲೇ ನಿಂತಳು. ಮೂವತ್ತೊಂದು ವರ್ಷ ಆ ಕಲ್ಲಿನ ಮೇಲೆ ಕೂತವರನ್ನು ನೋಡಿದವಳಿಗೆ ಬಿಡಿಸಿ ಹೇಳುವುದೇನಿತ್ತು?

ನಾನು ಎದ್ದೆ. ನನಗೆ ಸಿಟ್ಟು ಬಂದಿತ್ತು. "ನನಗೇ ಸುಳ್ಳು ಹೇಳಿದೆಯಾ? ನನ್ನ ಕಿವಿ ಅಂತ ನಿನ್ನ ನಂಬಿದ್ದೆ. ಆ ಡಾಕ್ಟರ ಮುಂದೆ ಕೋಡಂಗಿ ಥರ ನಗೋ ಹಾಗೆ ಮಾಡಿದೆಯಲ್ಲೇ! ಊರವರ ಮುಂದೆ ನನ್ನ ಮುಖ ಎಲ್ಲಿ ಇಟ್ಕೊಳ್ಳಲಿ? ಇಷ್ಟು ವರ್ಷ ನೀನು ಹೇಳಿದ್ದರಲ್ಲಿ ಯಾವುದು ನಿಜ, ಯಾವುದು ಸುಳ್ಳು?" ಬೀದಿಯ ಕೊನೆಯವರೆಗೂ ಕೇಳಿಸುವಷ್ಟು ಗಟ್ಟಿಯಾಗಿ ಕೂಗಿದೆ. ಎದುರು ಮನೆಯ ಜೈನಾಬಿ ಕೈಯಲ್ಲಿ ಮೊರ ಹಿಡಿದೇ ಹೊರಗೆ ಬಂದಳು. ಕೆಂಚಮ್ಮ ಎಲ್ಲ ಮುಗಿಯುವವರೆಗೆ ಕಾದು, "ಬೈಯಿ, ಬೈಯಿ. ತಪ್ಪು ನನ್ನದೇ. ನನ್ನ ಮಾತು ಕೇಳಿಸ್ತಾ ಇದೆಯಲ್ಲ?" ಎಂದಳು.

ಕೇಳಿಸುತ್ತಿತ್ತು. ಒಂದೊಂದು ಅಕ್ಷರವೂ ಕೇಳಿಸಿತು. ನಾನು ಅಷ್ಟು ಕೂಗಿದ್ದು ನನ್ನ ಮಾನಕ್ಕೋಸ್ಕರ, ಅದು ಬರೀ ಬೈಗುಳ. ಇದು ತಿಳಿದಾಗ ನನಗೆ ಏನನ್ನಿಸಿತೆಂದು ಹೇಳಿಬಿಡುತ್ತೇನೆ, ಮುಚ್ಚಿಡುವುದು ಏಕೆ? ಹಾಯೆನಿಸಿತು. ಹೆಂಡತಿಯ ಪ್ರಾಣದ ಮಾತು ನಡೆಯುತ್ತಿರುವಾಗ, ಅಬ್ಬ ಇನ್ನೂ ಕೇಳಿಸುತ್ತಿದೆಯಲ್ಲ ಎಂದು ಸಮಾಧಾನ ಪಟ್ಟುಕೊಂಡವನು ನಾನು.

ಅವಳು ಬಂದು ಎಂದಿನ ಜಾಗದಲ್ಲಿ, ನನ್ನ ಪಕ್ಕಕ್ಕೆ ಕೂತಳು. ಸಂಚಿ ಎತ್ತಿಕೊಂಡು ಎಲೆಯ ತೊಟ್ಟು ಮುರಿಯತೊಡಗಿದಳು. "ನೋಡು, ಎಲ್ಲ ಯೋಚನೆ ಮಾಡೇ ಇದ್ದೀನಿ. ಅಲ್ಲಿ ಕೊಯ್ದಾಗಲೇ ಹೋಗಿಬಿಟ್ರೆ? ಗೊತ್ತಿಲ್ಲದ ಊರಲ್ಲಿ, ನಾಲ್ಕು ಮಾತೂ ಆಡದೆ? ಇಲ್ಲೇ ಇದ್ರೆ ಬೇಸಿಗೆವರೆಗಾದ್ರೂ ನಿನ್ನ ಜೊತೆ ಮಾತಾಡಬಹುದು. ನಾಲ್ಕು ತಿಂಗಳು ಕಮ್ಮಿಯಾ? ಜೈನಾಬಿಗೆ ಎಲ್ಲ ಹೇಳಿಕೊಟ್ಟಿದ್ದೀನಿ. ಯಾರನ್ನ ಯಾವಾಗ ಗದರಿದ್ದು, ಯಾರ ವರ್ಷ ಯಾವಾಗ ತುಂಬುತ್ತೆ, ಯಾರ ಮಾತಿಗೆ ಸಕ್ಕರೆ ಸೇರಿಸಬೇಕು, ಎಲ್ಲ. ನಾನು ಹೋದ್ಮೇಲೆ ನಿನ್ನ ಪಕ್ಕ ಅವಳು ಕೂರ್ತಾಳೆ. ಏನೂ ತೊಂದರೆ ಆಗಲ್ಲ ನಿನಗೆ." ಜೈನಾಬಿ ಮೊರ ಹಿಡಿದು ತಲೆ ಬಗ್ಗಿಸಿ ನಿಂತಿದ್ದಳು. ಕೆಂಚಮ್ಮ ಇದನ್ನೆಲ್ಲ ಹೇಳಿದ್ದು, ಎರಡು ದಿನ ತವರಿಗೆ ಹೋಗುವವಳು ಬೆಕ್ಕಿಗೆ ಹಾಲು ಎಲ್ಲಿದೆ ಎಂದು ಹೇಳಿ ಹೋಗುವ ಹಾಗೆ.

ನನಗೂ ಅದೇ ಬೇಕೆನಿಸಿತ್ತು. ನಾಲ್ಕು ತಿಂಗಳಾದರೆ ನಾಲ್ಕು ತಿಂಗಳು, ಅವಳ ಮಾತು ಕೇಳಿಕೊಂಡಿರಬಹುದು ಎಂದು. ಆದರೆ ಅವಳ ಕೈ ನೋಡಿದೆ. ಉಗುರು ನೀಲಿಗಟ್ಟಿತ್ತು. ಈ ಹೆಂಗಸು ತನ್ನನ್ನೇ ಲೆಕ್ಕದಿಂದ ಹೊಡೆದುಹಾಕಿ, ನನ್ನ ಕಿವಿಗೆ ಬದಲಿ ವ್ಯವಸ್ಥೆ ಮಾಡಿ, ಅದರಲ್ಲೇ ತೃಪ್ತಿಯಾಗಿ ಕೂತಿದ್ದಾಳೆ. ಅವಳಿಗೆ ಇನ್ನೂ ಐವತ್ತೆರಡು ವರ್ಷ. ಮತ್ತೆ ಸಿಟ್ಟು ಬಂತು, ಮೊದಲಿನ ಥರದ್ದಲ್ಲ. ಮೂವತ್ತು ವರ್ಷಕ್ಕೂ ಮೀರಿದ ಕಸುಬು, ಅದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ತಡೆದರೆ ತಡೆಯಬಹುದಿತ್ತು. ತಡೆಯಲಿಲ್ಲ.

"ಏಳೇ ಮೇಲೆ!" ಎಂದೆ. ಅವಳ ಕೈಯಿಂದ ಎಲೆ ಬಿತ್ತು. "ನಾಲ್ಕು ತಿಂಗಳಂತೆ! ನಾಲ್ಕು ತಿಂಗಳು ಮಾತಾಡಿ ಸಾಯೋಕೆ ನಿನಗೆ ಅಪ್ಪಣೆ ಕೊಟ್ಟೋರ್ಯಾರು? ನನ್ನ ಕಿವಿ ತುಂಬಿಸೋಕೆ ಅಂತ ಹುಟ್ಟಿದ್ಯಾ ನೀನು? ನಿನಗೊಂದು ಜೀವ ಇಲ್ವಾ? ನಿನ್ನ ಉಸಿರು ನಿನ್ನದು ಕಣೇ, ಅದನ್ನ ನನ್ನ ಜಗಲಿ ಮೇಲೆ ಚೆಲ್ಲಿ ಮುಗಿಸಬೇಡ. ಎರಡು ಸೀರೆ ತಗೋ, ಹನ್ನೊಂದರ ಬಸ್ಸು ಹತ್ತು. ಹೆದರಿಕೆ ಆದ್ರೆ ಹೆದರಿಕೊಂಡೇ ಹತ್ತು. ಬದುಕಿ ಬಾ, ಆಮೇಲೆ ಬೇಕಾದಷ್ಟು ಮಾತಾಡು!"

ಅವಳು ಎದ್ದು ನಿಂತಿದ್ದಳು. "ಅಲ್ಲ ಕಣಯ್ಯ" ಎಂದಳು. ಅಷ್ಟು ಕೇಳಿಸಿತು. ಅಲ್ಲಿಂದ ಮುಂದೆ ಅವಳ ತುಟಿ ಮಾತ್ರ ಅಲ್ಲಾಡಿತು. ದೂರದ ಗೂಡಿನಲ್ಲಿ ಕಲ್ಲು ಸುರಿಯುವ ಸದ್ದು ಕೇಳಿಸುತ್ತಿತ್ತು, ನೀಲಾ ಬಿಕ್ಕುವುದು ಕೇಳಿಸುತ್ತಿತ್ತು, ಜೈನಾಬಿಯ ಬಳೆ ಮೊರಕ್ಕೆ ತಾಗಿದ್ದು ಕೇಳಿಸಿತು. ಅವರೆಲ್ಲರ ನಡುವೆ ನನ್ನ ಹೆಂಡತಿ ನಿಂತು ಏನನ್ನೋ ಹೇಳುತ್ತಿದ್ದಳು. ನನ್ನ ಮುಖ ನೋಡುತ್ತಲೇ ಅವಳಿಗೆ ತಿಳಿಯಿತು. ಬಾಯಿ ಮುಚ್ಚಿ, ಸೆರಗು ಸರಿಮಾಡಿಕೊಂಡು ಒಳಗೆ ಹೋಗಿ ಎರಡು ಸೀರೆ ಚೀಲಕ್ಕೆ ತುಂಬಿಕೊಂಡು ಬಂದಳು.

ದೊಡ್ಡಾಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದೆವು. ಅದು ನಮ್ಮೂರಲ್ಲದಿದ್ದರೂ ಮುಚ್ಚಿದ ಕಿವಿ ಅಲ್ಲಿ ತೆರೆಯುವುದಿಲ್ಲ. ಅಲ್ಲಿಯ ಅಷ್ಟೂ ಜನರ ಮಾತು ನನಗೆ ಕೇಳಿಸುತ್ತಿತ್ತು. ಪಕ್ಕದ ಮಂಚದ ಮುದುಕಿಯ ನರಳಾಟ, ಕಸ ಗುಡಿಸುವವಳ ಗೊಣಗಾಟ, ಬಾಗಿಲ ಕಾಯುವವನ ಜಬರದಸ್ತು, ಎಲ್ಲ. ಕೊಯ್ದ ಮರುದಿನ ಅವಳಿಗೆ ಎಚ್ಚರವಾದಾಗ ನರ್ಸಮ್ಮ ಬಂದು, "ನಿಮ್ಮನ್ನ ಕರೀತಿದಾರೆ, ಹೋಗಿ ಮಾತಾಡಿಸಿ" ಎಂದಳು. ಹೋದೆ. ಒಣಗಿದ ತುಟಿಯನ್ನು ಕಷ್ಟಪಟ್ಟು ಅಲ್ಲಾಡಿಸುತ್ತಿದ್ದಳು. ಅವಳು ಬದುಕಿದ್ದಾಳೆ, ನನ್ನನ್ನು ಕರೆಯುತ್ತಿದ್ದಾಳೆ, ನನಗೆ ಕೇಳಿಸುತ್ತಿಲ್ಲ. ನೋಡಲಾಗಲಿಲ್ಲ. ಗೋಡೆಯ ಮೇಲೆ ನೇತುಹಾಕಿದ ಕ್ಯಾಲೆಂಡರಿನ ಕಡೆ ತಿರುಗಿ ನಿಂತೆ. ಓದು ಬಾರದವನು ಅದರಲ್ಲಿ ಏನು ಓದುತ್ತಿದ್ದೆನೋ.

ಮನೆಗೆ ಬಂದ ಮೇಲೆ ಅವಳ ಉಗುರಿಗೆ ಬಣ್ಣ ಬಂತು, ಕಾಲಿನ ಊತ ಇಳಿಯಿತು. ಬೇಸಿಗೆ ಬಂದು ದಾಟಿತು. ಮೊದಲ ಮಳೆ ಬಿದ್ದ ದಿನ ನಾನು ದೇವರಿಗೆ ಒಂದು ತೆಂಗಿನಕಾಯಿ ಒಡೆದೆ. ಜೈನಾಬಿ ಬೆಳಗಿನ ಹೊತ್ತು ಬಂದು ಜಗಲಿಯ ಮೇಲೆ ಕೂತು, ಊರವರ ಮಾತಿನ ಜೊತೆಗೆ ಕೆಂಚಮ್ಮನ ಮಾತನ್ನೂ ನನಗೆ ಹೇಳುತ್ತಿದ್ದಳು. ಒಳ್ಳೆಯ ಹೆಂಗಸು, ಆದರೆ ಹೇಳುವುದು ಮಾತ್ರ ಒಣಕಲು. "ಸಾರಿಗೆ ಉಪ್ಪು ಕಮ್ಮಿ ಅಂತಾಳೆ." "ಅಂಗಿ ಗುಂಡಿ ಹೋಗಿದೆ ಅಂತಾಳೆ." ಕೆಂಚಮ್ಮ ಅರ್ಧ ಗಳಿಗೆ ಕೈ ತಿರುಗಿಸಿ, ಕಣ್ಣರಳಿಸಿ ಹೇಳಿದ್ದು ನನ್ನ ಹತ್ತಿರ ಬರುವಾಗ ಇಷ್ಟಾಗುತ್ತಿತ್ತು. ಒಮ್ಮೊಮ್ಮೆ ಜೈನಾಬಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಅದನ್ನ ನಾನು ಹೇಳಲ್ಲಪ್ಪ, ಗಂಡ ಹೆಂಡತಿ ಮಾತು" ಎಂದು ನಗುವಳು. ನಾನು ಏನೆಂದು ಕೇಳುತ್ತಿರಲಿಲ್ಲ. ಕೆಂಚಮ್ಮ ಮಾತಾಡಲು ಶುರು ಮಾಡಿದರೆ ನಾನು ಸುಣ್ಣದ ಗೂಡಿನ ಹೊಗೆ ನೋಡುವೆ, ಇಲ್ಲವೇ ತಟ್ಟೆಯ ಅನ್ನ ನೋಡುವೆ, ಇಲ್ಲವೇ ಕೆಲಸವಿದೆಯೆಂದು ಎದ್ದುಹೋಗುವೆ. ಸದ್ದಿಲ್ಲದೆ ಅಲ್ಲಾಡುವ ಆ ಬಾಯಿಯನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ವರ್ಷ ತುಂಬಲಿ, ಆಮೇಲೆ ಎಲ್ಲ ಸರಿಹೋಗುತ್ತದೆ ಎಂದು ದಿನ ಎಣಿಸಿಕೊಂಡು ಬದುಕಿದೆ.

ವರ್ಷ ತುಂಬುವ ದಿನ ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಗಡ್ಡ ಹೆರೆಸಿಕೊಂಡು, ಮಡಿಕೆ ಮುರಿಯದ ಪಂಚೆ ಉಟ್ಟು ಜಗಲಿಯ ಮೇಲೆ ಕೂತೆ. ನೀಲಾ ಹಿಂದಿನ ದಿನವೇ ಬಂದಿದ್ದಳು. ಅವಳೂ ಜೈನಾಬಿಯೂ ಬಾಗಿಲಲ್ಲಿ ನಿಂತಿದ್ದರು. ಕೆಂಚಮ್ಮ ನನ್ನ ಪಕ್ಕದಲ್ಲಿ ಕೂರದೆ, ಎಡಗಡೆಯ ಕಲ್ಲಿನ ಮೇಲೆ ಹೋಗಿ ಕೂತಳು. ಅದೇಕೆ ಅಲ್ಲಿ ಎಂದು ನಾನು ಯೋಚಿಸಲಿಲ್ಲ. ನನ್ನ ಜೀವವೆಲ್ಲ ಕಿವಿಯಲ್ಲಿತ್ತು. ಹತ್ತೂವರೆಯಾಯಿತು. ಹನ್ನೊಂದರ ಬಸ್ಸು ಕೆರೆಯ ತಿರುವಿನಲ್ಲಿ ಹಾರನ್ ಹಾಕಿತು. ನಾನು ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಕಾದೆ.

"ಕೇಳಿಸ್ತಾ?"

ಮೊದಲಿಗಿಂತ ಸ್ವಲ್ಪ ಸಣ್ಣಗಾಗಿದ್ದ ದನಿ. ಅವಳದೇ. "ಕೇಳಿಸ್ತು ಕಣೇ, ಕೇಳಿಸ್ತು" ಎಂದೆ. ಕಣ್ಣಲ್ಲಿ ನೀರು ಬಂತು. ಅವಳು ಏನು ಹೇಳುತ್ತಾಳೋ ಎಂದು ವರ್ಷವಿಡೀ ಏನೇನೋ ಅಂದುಕೊಂಡಿದ್ದೆ.

"ಹಾಗಾದ್ರೆ ಕೇಳು" ಎಂದಳು. "ಕಿವಿ ಮುಚ್ತು, ಸರಿ. ಅದು ನಮ್ಮೂರ ಕಟ್ಟಳೆ, ನನ್ನ ಉಳಿಸೋಕೆ ಮುಚ್ಕೊಂಡೆ. ಕಣ್ಣು ಯಾಕೆ ಮುಚ್ಕೊಂಡೆ? ಆಸ್ಪತ್ರೇಲಿ ಎಚ್ಚರ ಆದಾಗ ನೀರು ಕೇಳಲಿಲ್ಲ ನಾನು, ನಿನ್ನ ಕರೆದೆ. ನೀನು ಗೋಡೆ ನೋಡ್ತಿದ್ದೆ. ಬದುಕಿ ಬಾ ಅಂದೆ, ಬಂದೆ. ಬಂದೋಳ ಮುಖ ಒಂದು ದಿನ ನೆಟ್ಟಗೆ ನೋಡಿದ್ಯಾ? ಒಂದು ವರ್ಷ ಈ ಮನೇಲಿ ನಾನು ಕಂಬದ ಜೊತೆ ಮಾತಾಡಿದ್ದೀನಿ. ಕೇಳಿಸದೆ ಇರೋ ಸಂಕಟ ನಿನ್ನೊಬ್ಬಂದೇ ಅಂದ್ಕೊಂಡ್ಯಾ?" ಅವಳು ಎದ್ದು ನಿಂತಿದ್ದಳು. ದನಿ ಏರಿತ್ತು, ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. "ದಿನ ಎಣಿಸ್ತಾ ಎಣಿಸ್ತಾ ಇರೋ ದಿನಾನೆಲ್ಲ ಕಳೆದೆಯಲ್ಲೋ! ಹೀಗೇ ಇದ್ರೆ ಕಲ್ಲಾಗಿ ಹೋಗ್ತೀಯ ನೀನು. ನಾಳೆ ನಾನು ನಿಜವಾಗ್ಲೂ ಹೋದ್ರೆ ಯಾವ ಮುಖ ನೆನಪಿಟ್ಕೊಂಡು ಬದುಕ್ತೀಯ? ಈಗ್ಲೂ ತಲೆ ಬಗ್ಗಿಸ್ಕೊಂಡು ಕೂತಿದ್ದಾನೆ ನೋಡು. ಎತ್ತು ತಲೆ! ನನ್ನ ನೋಡು!"

ತಲೆ ಎತ್ತಿದೆ. ಅವಳ ಮುಖ ಕೆಂಪಾಗಿತ್ತು, ಕಣ್ಣು ತುಂಬಿತ್ತು, ಹಣೆಯ ಹತ್ತಿರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಯಾವಾಗ ಬೆಳ್ಳಗಾಯಿತೋ ನನಗೆ ಗೊತ್ತಿರಲಿಲ್ಲ. ನನ್ನ ಜನ್ಮದಲ್ಲಿ ನನ್ನನ್ನು ಯಾರೂ ಗದರಿರಲಿಲ್ಲ, ಗದರುವವನನ್ನು ಯಾರು ಗದರುತ್ತಾರೆ? ಆದರೂ ಆಡಿದ ಮಾತು ಬೈಗುಳವೋ ಅಲ್ಲವೋ ಎಂದು ಕಂಡುಹಿಡಿಯಲು ನನಗಿಂತ ಬಲ್ಲವರು ಈ ಊರಿನಲ್ಲಿಲ್ಲ. ಏನಾಗಲಿದೆಯೆಂದು ತಿಳಿದು, ಅಷ್ಟರೊಳಗೆ ಹೇಳಿಬಿಡಬೇಕೆಂದು ಬಾಯಿ ತೆರೆದೆ.

"ಹೆದರಿಕೆ ಆಗಿತ್ತು ಕೆಂಚಿ" ಎಂದೆ. ಮೂವತ್ತೆರಡು ವರ್ಷದಲ್ಲಿ ಯಾರಿಗೂ ಹೇಳದ ಮಾತು. "ನಿನ್ನ ಕೊಯ್ಯೋ ಕೋಣೆ ಬಾಗಿಲಾಚೆ ಕೂತಿದ್ದಾಗ, ನಾನು ಗದರಿದ ಮಾತೇ ಕೊನೆ ಮಾತಾಗಿಬಿಟ್ರೆ ಅಂತ ತುಂಬ ಹೆದರಿಕೆ ಆಗಿತ್ತು. ಆ ಹೆದರಿಕೆ ಹೋಗಲೇ ಇಲ್ಲ. ಅದಕ್ಕೇ ನಿನ್ನ ನೋಡೋಕಾಗಲಿಲ್ಲ."

ಕೆಂಚಮ್ಮ ಹುಬ್ಬು ಗಂಟಿಕ್ಕಿ ಮುಂದಕ್ಕೆ ಬಾಗಿದಳು. "ಏನಂದೆ?" ಎಂದಳು. ಅವಳ ಕೈ ಕಿವಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ನೀಲಾ ಬಾಗಿಲಲ್ಲಿ ಅಯ್ಯೋ ಎಂದಳು. ಜೈನಾಬಿ ನಾನು ಹೇಳಿದ್ದನ್ನು ಅವಳಿಗೆ ಹೇಳಲು ಬಾಯಿ ತೆರೆದಳು. ಕೆಂಚಮ್ಮ ಬೇಡವೆಂದು ಕೈ ಅಡ್ಡ ಮಾಡಿದಳು.

ಆಮೇಲೆ ಕಿವಿಯಿಂದ ಕೈ ತೆಗೆದು, ಬಂದು ನನ್ನ ಎದುರಿಗೇ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿಕೊಂಡು, ಕಣ್ಣು ಮಿಟುಕಿಸದೆ ನನ್ನ ಬಾಯಿ ನೋಡತೊಡಗಿದಳು. "ನಿಧಾನಕ್ಕೆ ಹೇಳು" ಎಂದಳು. "ನೋಡ್ತೀನಿ."

ನಾನು ಮತ್ತೆ ಮೊದಲಿನಿಂದ ಹೇಳಿದೆ.